ದೊಡ್ಡ ಭೂಕಂಪದಲ್ಲಿ ನೆಲ ಎಷ್ಟು ಸರಿಯಿತು? ಶಿರಸಿ–ಕಾರವಾರದಲ್ಲೇ ಕೂತು ಅಳೆಯುವ ಕ್ರಮ

ಎಲ್ಲೋ ಭೂಕಂಪವಾಯಿತು ಎಂದ ಕೂಡಲೇ ನಾವು ಕೇಳುವುದು ತೀವ್ರತೆ ಎಷ್ಟು, ಸಾವುನೋವು ಎಷ್ಟು ಎಂದು. ನೆಲ ಯಾವ ದಿಕ್ಕಿಗೆ ಎಷ್ಟು ಸರಿಯಿತು, ಸರಿಯುವುದು ನಿಂತಿತೇ ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಮುಖ್ಯವಾದ ಪ್ರಶ್ನೆ ಇದೇ. ನಡುಕ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ, ಆದರೆ ನೆಲದ ಚಲನೆ ತಿಂಗಳುಗಟ್ಟಲೆ, ಕೆಲವೆಡೆ ದಶಕಗಟ್ಟಲೆ ಮುಂದುವರಿಯುತ್ತದೆ. ಅದನ್ನು ಅಳೆಯಲು ಬೇಕಾದ ದತ್ತಾಂಶವೂ ತಂತ್ರಾಂಶವೂ ಉಚಿತವಾಗಿ ಸಿಗುತ್ತವೆ. ಶಿರಸಿಯ ಪಿಯು ವಿದ್ಯಾರ್ಥಿಯೂ ಕುಮಟೆಯ ಹೈಸ್ಕೂಲ್ ಮಾಸ್ತರರೂ ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಈ ಕೆಲಸ ಮಾಡಬಹುದು.

ನಮ್ಮ ಕರಾವಳಿಗೂ ಇದಕ್ಕೂ ಏನು ಸಂಬಂಧ ಎನ್ನುವವರಿಗೆ ಎರಡು ಸಂಗತಿ ಹೇಳಬೇಕು. 1945ರ ನವೆಂಬರಿನಲ್ಲಿ ಇಂದಿನ ಪಾಕಿಸ್ತಾನದ ಮಕ್ರಾನ್ ಕರಾವಳಿಯಾಚೆ ಸಮುದ್ರತಳ ಏರಿಳಿದು ಎದ್ದ ಸುನಾಮಿ ಮುಂಬೈಯಲ್ಲಿ ಜೀವ ತೆಗೆಯಿತು. ಅದರ ಅಲೆ ಕಾರವಾರದವರೆಗೂ ಕಂಡ ದಾಖಲೆಯಿದೆ. ಅಂದರೆ ಅಲ್ಲಿ ನೆಲ ಎಷ್ಟು ಎದ್ದಿತು ಎನ್ನುವುದೇ ಇಲ್ಲಿ ನೀರು ಎಷ್ಟು ಎದ್ದೀತು ಎಂಬುದಕ್ಕೆ ಮೂಲ. ಎರಡನೆಯದು ಅಳತೆಗೇ ಸೇರಿದ್ದು. 1909ರಲ್ಲಿ ಇಡೀ ದೇಶದ ಎತ್ತರಗಳಿಗೆ ಮೂಲಮಟ್ಟ ನಿಗದಿ ಮಾಡುವಾಗ ಸರ್ವೆ ಆಫ್ ಇಂಡಿಯಾ ಒಂಬತ್ತು ಬಂದರುಗಳ ಸರಾಸರಿ ಸಮುದ್ರಮಟ್ಟವನ್ನು ಆಧಾರವಾಗಿಟ್ಟುಕೊಂಡಿತು. ಕರಾಚಿ, ಮುಂಬೈ, ಕೊಚ್ಚಿ, ಮದ್ರಾಸುಗಳ ಜೊತೆ ಆ ಒಂಬತ್ತರಲ್ಲಿ ಕಾರವಾರವೂ ಒಂದು.

ಮೊದಲು ಇಷ್ಟು ತಿಳಿದಿರಲಿ

ಅಡಿಕೆ ದಬ್ಬೆಯ ಎರಡೂ ತುದಿ ಹಿಡಿದು ಬಗ್ಗಿಸುತ್ತ ಹೋದರೆ ಒಂದು ಹಂತದವರೆಗೆ ಬಾಗುತ್ತದೆ, ಆಮೇಲೆ ಲಟಕ್ಕನೆ ಮುರಿದು ಎರಡೂ ತುಂಡು ನೆಟ್ಟಗಾಗುತ್ತವೆ. ನೆಲದೊಳಗೆ ಬಂಡೆ ಒಡೆದು ಒಂದರ ಮೇಲೊಂದು ಜಾರುವ ಬಿರುಕುವಲಯದ ಎರಡು ಬದಿಯ ಬಂಡೆಯೂ ಹಾಗೆಯೇ. 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ಹಿಂದಿನ ಮತ್ತು ಮುಂದಿನ ಸರ್ವೆ ಅಳತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ ಅಮೆರಿಕದ ಭೂವಿಜ್ಞಾನಿ ಹ್ಯಾರಿ ಫೀಲ್ಡಿಂಗ್ ರೀಡ್ 1910ರಲ್ಲಿ ಈ ವಿವರಣೆ ಕೊಟ್ಟರು.

ಹಾಗಾಗಿ ಅಳೆಯುವವರಿಗೆ ಮೂರು ಕಾಲಘಟ್ಟ ಇವೆ. ಕಂಪಕ್ಕೆ ಮುಂಚಿನ ನಿಧಾನದ ಬಾಗು, ಕಂಪದ ಕ್ಷಣದ ಜಿಗಿತ, ಆಮೇಲಿನ ದೀರ್ಘ ಸರಿತ. ಗ್ರಾಫಿನಲ್ಲಿ ಇವು ಕ್ರಮವಾಗಿ ಒಂದು ಓರೆಗೆರೆ, ಒಂದು ಮೆಟ್ಟಿಲು, ಮತ್ತೆ ಬರಬರುತ್ತ ಚಪ್ಪಟೆಯಾಗುವ ಒಂದು ಬಾಗುಗೆರೆ. ಈ ಮೂರನ್ನು ಬಿಡಿಸಿ ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಹೆಜ್ಜೆ 1: ಭೂಕಂಪವನ್ನೂ ಜಿಪಿಎಸ್ ಕೇಂದ್ರವನ್ನೂ ಆರಿಸಿಕೊಳ್ಳಿ

ಮೊದಲ ಅಭ್ಯಾಸಕ್ಕೆ 2015ರ ಏಪ್ರಿಲ್ 25ರ ನೇಪಾಳದ ಗೋರ್ಖಾ ಭೂಕಂಪವನ್ನೇ ತೆಗೆದುಕೊಳ್ಳಿ. ತೀವ್ರತೆ 7.8. ಜಪಾನಿನ 2011ರದ್ದು ಇದಕ್ಕಿಂತ ಬಹಳ ದೊಡ್ಡದು, ಅಲ್ಲಿನ ನೆಲದ ಮೇಲೆ ಸಾವಿರಕ್ಕೂ ಹೆಚ್ಚು ಜಿಪಿಎಸ್ ಕೇಂದ್ರಗಳಿವೆ ಎಂಬುದೂ ನಿಜ. ಆದರೆ ಅಲ್ಲಿ ಬಿರುಕು ಇದ್ದದ್ದು ಸಮುದ್ರದಡಿ. ನೇಪಾಳದಲ್ಲಿ ಸರಿದ ಭಾಗ ಕೇಂದ್ರಗಳ ನೇರ ಕೆಳಗೇ ಇತ್ತು. ಹಾಗಾಗಿ ಹೊಸಬರಿಗೆ ಚಿತ್ರ ಸ್ಪಷ್ಟವಾಗಿ ಕಾಣುತ್ತದೆ.

ಅಮೆರಿಕದ ನೆವಾಡಾ ಜಿಯೋಡೆಟಿಕ್ ಲ್ಯಾಬೊರೇಟರಿಯ ಜಾಲತಾಣದಲ್ಲಿ ಪ್ರಪಂಚದ ಸಾವಿರಾರು ಕೇಂದ್ರಗಳ ದಿನದಿನದ ಸ್ಥಾನ ಸಿಗುತ್ತದೆ. ಪ್ರತಿ ಕೇಂದ್ರಕ್ಕೂ ನಾಲ್ಕಕ್ಷರದ ಹೆಸರು. ನಕ್ಷೆಯಲ್ಲಿ ಕಠ್ಮಂಡುವಿನ ಉತ್ತರಕ್ಕಿರುವ ಕೆಕೆಎನ್4 ಮತ್ತು ಇನ್ನೂ ಉತ್ತರದ ಬೆಟ್ಟಗಳಲ್ಲಿರುವ ಸಿಎಚ್‌ಎಲ್‌ಎಂ ಎಂಬ ಎರಡನ್ನು ಹುಡುಕಿ. ಎರಡೂ ಬೇಕು, ಯಾಕೆಂಬುದು ಮುಂದೆ ಗೊತ್ತಾಗುತ್ತದೆ.

ಮೊಬೈಲಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸುವಾಗ ಇವು ಮಿಲಿಮೀಟರ್ ಲೆಕ್ಕ ಹೇಗೆ ಕೊಡುತ್ತವೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಮೊಬೈಲು ಉಪಗ್ರಹದ ಸಂಕೇತ ಎಷ್ಟು ಹೊತ್ತಿಗೆ ಬಂತು ಎಂದು ನೋಡುತ್ತದೆ. ಈ ಕೇಂದ್ರಗಳು ಸುಮಾರು 19 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಯನ್ನೇ ಎಣಿಸುತ್ತವೆ, ಅಲೆಯ ಒಂದಂಶವನ್ನೂ ಬಿಡುವುದಿಲ್ಲ. ಆಂಟೆನಾವನ್ನು ಬಂಡೆಗೆ ಕೂರಿಸಿ 24 ಗಂಟೆಯ ಅಳತೆಯಿಂದ ಒಂದು ದಿನದ ಸ್ಥಾನ ತೆಗೆಯುತ್ತಾರೆ.

ಹೆಜ್ಜೆ 2: ಕಡತ ಇಳಿಸಿ, ಕಂಬಸಾಲು (ಕಾಲಂ) ಬಿಡಿಸಿ

ಕೇಂದ್ರದ ಪುಟದಲ್ಲಿ ಟೆನ್‌ವಿ3 (tenv3) ಹೆಸರಿನ ಪಠ್ಯ ಕಡತ ಇರುತ್ತದೆ. ಅದನ್ನು ಇಳಿಸಿ ಲೆಕ್ಕದ ಹಾಳೆಯ ಉಚಿತ ತಂತ್ರಾಂಶ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯಿರಿ. ತೆರೆಯುವಾಗ ‘ಖಾಲಿ ಜಾಗವೇ ವಿಭಜಕ’ ಎಂದು ಆರಿಸಿ, ಒಟ್ಟೊಟ್ಟಿಗೆ ಬಂದ ಖಾಲಿ ಜಾಗಗಳನ್ನು ಒಂದೇ ಎಂದು ಎಣಿಸುವ ಗುರುತನ್ನೂ ಒತ್ತಿ. ಇಲ್ಲದಿದ್ದರೆ ಅಂಕಿಗಳೆಲ್ಲ ಅಡ್ಡಾದಿಡ್ಡಿ ಕೂರುತ್ತವೆ.

ಒಂದು ಸಾಲು ಅಂದರೆ ಒಂದು ದಿನ. ಮೊದಲ ಕಂಬಸಾಲು ಕೇಂದ್ರದ ಹೆಸರು, ಎರಡನೆಯದು ತಾರೀಕು, ಮೂರನೆಯದು ದಶಮಾಂಶದಲ್ಲಿ ಬರೆದ ವರ್ಷ. 2015.31 ಎಂದರೆ ಆ ವರ್ಷದ ಏಪ್ರಿಲ್ ಕೊನೆ. ಎಂಟು ಮತ್ತು ಒಂಬತ್ತನೆಯವು ಪೂರ್ವ ದಿಕ್ಕಿನವು, ಹತ್ತು ಮತ್ತು ಹನ್ನೊಂದು ಉತ್ತರದ್ದು, ಹನ್ನೆರಡು ಮತ್ತು ಹದಿಮೂರು ಎತ್ತರದ್ದು. ಪ್ರತಿ ಜೋಡಿಯಲ್ಲಿ ಮೊದಲನೆಯದು ಪೂರ್ಣ ಮೀಟರ್, ಎರಡನೆಯದು ಉಳಿದ ಅಂಶ. ಎರಡನ್ನೂ ಕೂಡಿಸಿಯೇ ಬಳಸಿ. ಬರೀ ದಶಮಾಂಶದ ಕಂಬಸಾಲು ಹಿಡಿದು ಗ್ರಾಫ್ ಎಳೆದರೆ ಪೂರ್ಣ ಅಂಕಿ ಬದಲಾದ ದಿನ ಒಂದು ಮೀಟರಿನ ಸುಳ್ಳು ಜಿಗಿತ ಕಾಣಿಸಿಕೊಳ್ಳಬಹುದು. ಮುಂದಿನ ಕಂಬಸಾಲುಗಳಲ್ಲಿ ಆಯಾ ದಿಕ್ಕಿನ ಅಳತೆಯ ಅನಿಶ್ಚಿತತೆ ಇದೆ. ಎತ್ತರದ ಅನಿಶ್ಚಿತತೆ ಉಳಿದೆರಡಕ್ಕಿಂತ ಎರಡು-ಮೂರು ಪಟ್ಟು ಹೆಚ್ಚಿರುತ್ತದೆ. ಜಿಪಿಎಸ್ಸಿನ ಸ್ವಭಾವವೇ ಅಂಥದ್ದು, ಉಪಗ್ರಹಗಳೆಲ್ಲ ತಲೆಯ ಮೇಲೆಯೇ ಇರುವುದರಿಂದ.

ಹೆಜ್ಜೆ 3: ಜಿಗಿತ ಅಳೆಯಿರಿ

ಅಡ್ಡ ಅಕ್ಷದಲ್ಲಿ ವರ್ಷ, ಲಂಬ ಅಕ್ಷದಲ್ಲಿ ಉತ್ತರದ ಸ್ಥಾನ ಇಟ್ಟು ಚುಕ್ಕಿಗ್ರಾಫ್ ಎಳೆಯಿರಿ. ಕೆಕೆಎನ್4 ವರ್ಷಗಟ್ಟಲೆ ನಿಧಾನಕ್ಕೆ ಉತ್ತರಕ್ಕೆ ಏರುತ್ತಿರುತ್ತದೆ, ಏಪ್ರಿಲ್ ಕೊನೆಯಲ್ಲಿ ಒಮ್ಮೆಲೇ ದಕ್ಷಿಣಕ್ಕೆ ಬೀಳುತ್ತದೆ.

ಈಗ ಲೆಕ್ಕ. ಏಪ್ರಿಲ್ 25ರ ಸಾಲನ್ನು ಬಿಟ್ಟುಬಿಡಿ. ಕಂಪವಾದದ್ದು ವಿಶ್ವಕಾಲಮಾನದ ಬೆಳಿಗ್ಗೆ 6.11ಕ್ಕೆ. ಹಾಗಾಗಿ ಆ ದಿನದ ಸರಾಸರಿಯಲ್ಲಿ ಕಂಪದ ಮುಂಚಿನ ಆರು ಗಂಟೆ, ನಂತರದ ಹದಿನೆಂಟು ಗಂಟೆ ಕಲಸಿಹೋಗಿರುತ್ತದೆ. 24ರವರೆಗಿನ ಹತ್ತು ದಿನಗಳ ಸರಾಸರಿ ಒಂದು, 26ರಿಂದ ಮೂರು ದಿನಗಳ ಸರಾಸರಿ ಇನ್ನೊಂದು. ಎರಡರ ವ್ಯತ್ಯಾಸವೇ ಜಿಗಿತ. ನಂತರದ ದಿನಗಳನ್ನು ಕಡಿಮೆ ತೆಗೆದುಕೊಳ್ಳುವುದು ಯಾಕೆಂದರೆ ಕಂಪ ಮುಗಿದ ಮರುಗಳಿಗೆಯಿಂದಲೇ ಮುಂದಿನ ಸರಿತ ಶುರುವಾಗಿರುತ್ತದೆ. ಹೆಚ್ಚು ದಿನ ಸೇರಿಸಿದಷ್ಟೂ ಅದು ಜಿಗಿತದೊಳಗೆ ಬೆರೆಯುತ್ತದೆ. ಮೇ 12ರಂದು 7.3ರ ಇನ್ನೊಂದು ಕಂಪವೂ ಆಗಿತ್ತು, ಅದರಾಚೆಗೆ ಈ ಲೆಕ್ಕ ಹೋಗಬಾರದು.

ಕೆಕೆಎನ್4ಗೆ ನಿಮ್ಮ ಉತ್ತರ ಸುಮಾರು 1.8 ಮೀಟರ್ ದಕ್ಷಿಣಕ್ಕೆ, 1.3 ಮೀಟರ್ ಮೇಲಕ್ಕೆ ಬರಬೇಕು. ಪೂರ್ವ-ಪಶ್ಚಿಮದ ಪಾಲನ್ನೂ ಸೇರಿಸಿ ಅಡ್ಡ ಚಲನೆ ಬೇಕಿದ್ದರೆ ಎರಡೂ ದಿಕ್ಕಿನ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಿರಿ.

ಇದೇ ಲೆಕ್ಕವನ್ನು ಸಿಎಚ್‌ಎಲ್‌ಎಂಗೂ ಮಾಡಿ. ಅದೂ ದಕ್ಷಿಣಕ್ಕೇ ಸರಿದಿದೆ, ಆದರೆ ಎತ್ತರದ ಚಿಹ್ನೆ ತಿರುವುಮುರುವು. ಕಠ್ಮಂಡುವಿನ ಕಡೆ ನೆಲ ಎದ್ದರೆ ಉತ್ತರದ ಎತ್ತರದ ಬೆಟ್ಟಸಾಲು ಕುಸಿದಿದೆ. ಭೂಕಂಪದಿಂದ ಹಿಮಾಲಯ ಬೆಳೆಯುತ್ತದೆ ಎಂದು ಪಾಠ ಕೇಳಿದವರಿಗೆ ಇದನ್ನು ನಂಬುವುದು ಕಷ್ಟ. ಅದಕ್ಕೇ ಎರಡೂ ಕೇಂದ್ರ ಬೇಕು ಎಂದದ್ದು. ಇಲ್ಲಿ ಬಿರುಕು ಉತ್ತರಕ್ಕೆ ಓರೆಯಾಗಿ ಇಳಿಯುತ್ತದೆ. ಅದರ ಮೇಲಿನ ಪದರ ದಕ್ಷಿಣಕ್ಕೆ ಜಾರಿದಾಗ ಮುಂಭಾಗ ಉಬ್ಬುತ್ತದೆ, ಹಿಂಭಾಗ ಎಳೆದು ತೆಳುವಾಗಿ ತಗ್ಗುತ್ತದೆ.

ದಿನದ ಸರಾಸರಿಯಲ್ಲಿ ಸಿಗದ ಒಂದು ಸಂಗತಿಯೂ ಇದೆ. ಇದೇ ಕೇಂದ್ರಗಳು ಸೆಕೆಂಡಿಗೆ ಐದು ಬಾರಿ ಅಳೆದ ದಾಖಲೆಯಲ್ಲಿ ಕಠ್ಮಂಡು ಕಣಿವೆಯ ಮಣ್ಣು ನಾಲ್ಕೈದು ಸೆಕೆಂಡಿಗೊಮ್ಮೆ ತೂಗಾಡಿದ್ದು ಕಂಡಿತು. ಅಷ್ಟು ನಿಧಾನದ ತೂಗಾಟ ಎತ್ತರದ ಕಟ್ಟಡಗಳಿಗೆ ಹೆಚ್ಚು ಪೆಟ್ಟು ಕೊಡುತ್ತದೆ. ಧರಹರಾ ಗೋಪುರ ಬಿದ್ದದ್ದೂ ಅಂದೇ.

ಎರಡನೆಯ ಅಭ್ಯಾಸವಾಗಿ ನಮ್ಮ ರಾಜ್ಯದ ಕೇಂದ್ರವನ್ನೇ ಹಿಡಿಯಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಇದರ ಹೆಸರು ಐಐಎಸ್‌ಸಿ. 2004ರ ಡಿಸೆಂಬರ್ 26ರ ಸುಮಾತ್ರಾ–ಅಂಡಮಾನ್ ಕಂಪದ ಕೇಂದ್ರಬಿಂದು ಅಲ್ಲಿಂದ ಎರಡು ಸಾವಿರ ಕಿಲೋಮೀಟರಿಗೂ ದೂರ. ಆದರೂ ಬೆಂಗಳೂರು ಸುಮಾರು ಒಂದು ಸೆಂಟಿಮೀಟರ್ ಪೂರ್ವಕ್ಕೆ ಸರಿದದ್ದು ದಾಖಲಾಗಿದೆ. ಇದನ್ನು ಬರಿಗಣ್ಣಿಗೆ ಕಾಣುವಂತೆ ಮಾಡಲು ಸ್ವಲ್ಪ ಶ್ರಮ ಬೇಕು. ಭಾರತವನ್ನು ಹೊತ್ತು ಸಾಗುವ ಭೂಫಲಕದ ಜೊತೆ ಬೆಂಗಳೂರು ವರ್ಷಕ್ಕೆ ಐದು ಸೆಂಟಿಮೀಟರಿಗೂ ಹೆಚ್ಚು ಈಶಾನ್ಯಕ್ಕೆ ಸಾಗುತ್ತಲೇ ಇರುತ್ತದೆ, ಶಿರಸಿಯೂ ಅಷ್ಟೇ. ಕಂಪಕ್ಕೆ ಮುಂಚಿನ ಎರಡು ಮೂರು ವರ್ಷದ ಚುಕ್ಕಿಗಳಿಗೆ ನೇರಗೆರೆ ಹೊಂದಿಸಿ, ಆ ಗೆರೆಯನ್ನು ಎಲ್ಲ ದಿನಗಳಿಂದ ಕಳೆದ ಮೇಲೆಯೇ 2004.98ರ ಹತ್ತಿರದ ಸಣ್ಣ ಮೆಟ್ಟಿಲು ತೋರುತ್ತದೆ. ಇಲ್ಲಿ ಮೂರು ದಿನದ ಸರಾಸರಿ ಸಾಲದು, ಕೆಲವು ವಾರಗಳದ್ದು ಬೇಕು.

ಹೆಜ್ಜೆ 4: ಸುಳ್ಳು ಜಿಗಿತಗಳನ್ನು ಸೋಸಿ

ನೆಲ ಅಲುಗದೆಯೂ ಗ್ರಾಫ್ ಜಿಗಿಯುತ್ತದೆ. ಆಂಟೆನಾ ಬದಲಿಸಿದ ದಿನ, ಮೇಲಿನ ಹೊದಿಕೆ ಬದಲಿಸಿದ ದಿನ ಕೆಲವು ಮಿಲಿಮೀಟರಿನಿಂದ ಸೆಂಟಿಮೀಟರಿನವರೆಗೂ ಮೆಟ್ಟಿಲು ಮೂಡಬಹುದು. ಇಂಥ ದಿನಗಳ ಪಟ್ಟಿ ಅದೇ ಜಾಲತಾಣದಲ್ಲಿದೆ, ಅದರಲ್ಲಿ ಉಪಕರಣದ ಬದಲಾವಣೆಗೆ ಒಂದು ಸಂಕೇತ, ಭೂಕಂಪಕ್ಕೆ ಇನ್ನೊಂದು. ಐಐಎಸ್‌ಸಿಯ ಒಂದು ಸೆಂಟಿಮೀಟರನ್ನು ನಂಬುವ ಮುನ್ನ ಈ ಪಟ್ಟಿ ನೋಡಲೇಬೇಕು.

ಇನ್ನೊಂದು ಮಳೆಗಾಲದ ಉಸಾಬರಿ. ಗಂಗಾ ಬಯಲಿನಲ್ಲಿ ನಿಲ್ಲುವ ಮಳೆನೀರಿನ ಭಾರಕ್ಕೆ ನೇಪಾಳದ ನೆಲ ಪ್ರತಿ ವರ್ಷ ಸೆಂಟಿಮೀಟರಿನಷ್ಟು ತಗ್ಗಿ ಮತ್ತೆ ಏರುತ್ತದೆ. ಏಪ್ರಿಲಿನಿಂದ ಸೆಪ್ಟೆಂಬರಿನವರೆಗಿನ ಎತ್ತರವನ್ನಷ್ಟೇ ನೋಡಿ ‘ಕಂಪದ ನಂತರ ಕುಸಿಯುತ್ತಿದೆ’ ಎಂದು ಬರೆದುಬಿಟ್ಟರೆ ಅದು ಮಳೆಯ ಲೆಕ್ಕವಾಗುತ್ತದೆಯೇ ಹೊರತು ಭೂಕಂಪದ್ದಲ್ಲ. ಹಿಂದಿನ ವರ್ಷಗಳ ಅದೇ ತಿಂಗಳುಗಳ ಜೊತೆ ಹೋಲಿಸಿಯೇ ಮಾತಾಡಿ.

ಒಂದೇ ಕೇಂದ್ರ ನಂಬಿ ಏನನ್ನೂ ಹೇಳಬೇಡಿ. ನಿಜವಾದ ಚಲನೆಯಾದರೆ ಅಕ್ಕಪಕ್ಕದ ಕೇಂದ್ರದಲ್ಲೂ ಅದರ ಗುರುತು ಇದ್ದೇ ಇರುತ್ತದೆ.

ಹೆಜ್ಜೆ 5: ಕಂಪ ಮುಗಿದ ಮೇಲಿನ ಸರಿತ

ಇಡೀ ವಿಷಯದಲ್ಲಿ ನನಗೆ ಅತಿ ಪ್ರಿಯವಾದದ್ದು ಈ ಹೆಜ್ಜೆ, ಹೆಚ್ಚಿನವರು ಬಿಟ್ಟು ಮುಂದೆ ಹೋಗುವುದೂ ಇದನ್ನೇ.

ಕಂಪದ ನಂತರ ನೆಲ ಸರಿಯಲು ಮುಖ್ಯ ಕಾರಣ ಮೂರು. ಒಂದು, ಕಂಪದ ದಿನ ಮುರಿಯದೆ ಉಳಿದ ಬಿರುಕಿನ ಭಾಗಗಳು ಸದ್ದಿಲ್ಲದೆ ಜಾರುತ್ತವೆ, ತಿಂಗಳುಗಳಿಂದ ಕೆಲವು ವರ್ಷಗಳವರೆಗೆ. ಎರಡು, ಒತ್ತಡ ಬದಲಾದ್ದರಿಂದ ಬಂಡೆಯ ರಂಧ್ರಗಳಲ್ಲಿರುವ ನೀರು ಜಾಗ ಬದಲಿಸುತ್ತದೆ. ಮೂರು, ಆಳದಲ್ಲಿರುವ ಬಿಸಿಯಾದ ಬಂಡೆ ಬಹಳ ನಿಧಾನಕ್ಕೆ ಹರಿಯುತ್ತದೆ, ಇದಕ್ಕೆ ದಶಕಗಳೇ ಹಿಡಿಯಬಹುದು. ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್‌ನಲ್ಲಿ 2004ರ ಸೆಪ್ಟೆಂಬರಿನಲ್ಲಾದ 6.0 ತೀವ್ರತೆಯ ಕಂಪದಲ್ಲಿ ನಂತರದ ಸದ್ದಿಲ್ಲದ ಜಾರು ಕಂಪದ್ದನ್ನೇ ಮೀರಿಸಿತು.

ಸಿಎಚ್‌ಎಲ್‌ಎಂನ ಉತ್ತರ ದಿಕ್ಕಿನ ಅಂಕಿಗಳನ್ನು ತೆಗೆದುಕೊಳ್ಳಿ. ಕಂಪಕ್ಕೆ ಮುಂಚಿನ ನೇರಗೆರೆಯನ್ನು ಮೊದಲೇ ಹೇಳಿದಂತೆ ಕಳೆಯಿರಿ. ಕಂಪದಿಂದ ಕಳೆದ ದಿನಗಳನ್ನು ಹೊಸ ಕಂಬಸಾಲಿನಲ್ಲಿ ಬರೆಯಿರಿ. ಆ ದಿನಗಳನ್ನು ಹತ್ತರಿಂದ ಭಾಗಿಸಿ, ಒಂದು ಕೂಡಿಸಿ, ಅದರ ಲಾಗರಿದಮ್ ತೆಗೆಯಿರಿ. ಈಗ ಅಡ್ಡ ಅಕ್ಷಕ್ಕೆ ದಿನದ ಬದಲು ಈ ಲಾಗರಿದಮ್ ಇಟ್ಟು ಗ್ರಾಫ್ ಎಳೆಯಿರಿ. ಬಾಗುಗೆರೆಯಾಗಿದ್ದದ್ದು ಹೆಚ್ಚುಕಡಿಮೆ ನೆಟ್ಟಗಾದರೆ ನೀವು ನೋಡುತ್ತಿರುವುದು ಬಿರುಕಿನ ಮೇಲಿನ ಸದ್ದಿಲ್ಲದ ಜಾರು. ಹತ್ತರ ಬದಲು ಐದು, ಇಪ್ಪತ್ತು, ಐವತ್ತು ಹಾಕಿ ಯಾವುದು ಚೆನ್ನಾಗಿ ನೆಟ್ಟಗಾಗುತ್ತದೆ ನೋಡಿ. ಒಂದೆರಡು ವರ್ಷಗಳಾಚೆ ಚುಕ್ಕಿಗಳು ಗೆರೆ ಬಿಟ್ಟು ಬೇರೆ ಕಡೆ ಹೊರಳಿದರೆ ಆಳದ ಬಂಡೆಯ ಹರಿವು ಮೇಲುಗೈ ಆಗಿರಬಹುದು ಎಂದು ಅನುಮಾನಿಸಬಹುದು. ಖಚಿತ ಮಾಡಲು ಹಲವು ಕೇಂದ್ರ, ಗಣಕ ಮಾದರಿ ಬೇಕು.

ಈ ಸರಿತ ಬರೀ ವಿಜ್ಞಾನಿಗಳ ಕುತೂಹಲವಲ್ಲ. 2011ರ ಮಾರ್ಚ್ 11ರಂದು ಜಪಾನಿನ ಒಷಿಕಾ ಪರ್ಯಾಯದ್ವೀಪ 5.3 ಮೀಟರ್ ಸಮುದ್ರದ ಕಡೆ ಸರಿದು 1.2 ಮೀಟರ್ ಕುಸಿಯಿತು. ಆ ಕರಾವಳಿಯಲ್ಲಿ ನೀರು ನುಗ್ಗುತ್ತಿದ್ದ ಮೀನುಗಾರಿಕೆ ಧಕ್ಕೆಗಳನ್ನು ಏರಿಸಿ ಕಟ್ಟಿದರು. ಮುಂದಿನ ವರ್ಷಗಳಲ್ಲಿ ನೆಲ ಮೆಲ್ಲಗೆ ಮೇಲೆದ್ದಿತು, ಧಕ್ಕೆ ದೋಣಿಗಿಂತ ತೀರ ಎತ್ತರವಾಗಿ ಕೆಲವೆಡೆ ಮತ್ತೆ ತಗ್ಗಿಸಬೇಕಾಯಿತು. ಬೈತಖೋಲಿನಲ್ಲೋ ತದಡಿಯಲ್ಲೋ ದೋಣಿಯಿಂದ ಮೀನಿನ ಬುಟ್ಟಿ ಎತ್ತಿ ಕೊಟ್ಟವರಿಗೆ ಧಕ್ಕೆ ಒಂದಡಿ ಎತ್ತರವಾದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ.

ಹೆಜ್ಜೆ 6: ಉಪಗ್ರಹ ರೇಡಾರಿನಿಂದ ಇಡೀ ಪ್ರದೇಶ ನೋಡಿ

ಜಿಪಿಎಸ್ ಒಂದು ಬಿಂದುವಿನ ಕಥೆ ಹೇಳುತ್ತದೆ. ಇಡೀ ಹರವು ಬೇಕಿದ್ದರೆ ಒಂದೇ ಜಾಗದ ಎರಡು ರೇಡಾರ್ ಚಿತ್ರ ಬೇಕು, ಒಂದು ಕಂಪಕ್ಕೆ ಮುಂಚಿನದು, ಒಂದು ನಂತರದ್ದು. ಎರಡರ ಅಲೆಗಳ ವ್ಯತ್ಯಾಸ ತೆಗೆದರೆ ಬಣ್ಣದ ಪಟ್ಟಿಗಳ ನಕ್ಷೆ ಸಿಗುತ್ತದೆ. 1992ರ ಕ್ಯಾಲಿಫೋರ್ನಿಯಾದ ಲ್ಯಾಂಡರ್ಸ್ ಭೂಕಂಪದ ಇಂಥ ನಕ್ಷೆ ಮರುವರ್ಷ ಪ್ರಕಟವಾದ ಮೇಲೆ ಈ ಕ್ಷೇತ್ರವೇ ಬದಲಾಯಿತು.

ಅಲಾಸ್ಕಾ ಸ್ಯಾಟಲೈಟ್ ಫೆಸಿಲಿಟಿಯ ವರ್ಟೆಕ್ಸ್ ಪುಟಕ್ಕೆ ಹೋಗಿ, ನಾಸಾದ ಉಚಿತ ಅರ್ತ್‌ಡೇಟಾ ಖಾತೆ ತೆರೆಯಿರಿ. ಕಠ್ಮಂಡುವಿನ ಸುತ್ತ ಚೌಕ ಎಳೆದು ಯುರೋಪಿನ ರೇಡಾರ್ ಉಪಗ್ರಹ ಸೆಂಟಿನೆಲ್-1 ಆರಿಸಿ. 2015ರ ಏಪ್ರಿಲ್ 17 ಮತ್ತು 29ರ ಚಿತ್ರಗಳು ಬೇಕಾದ ಜೋಡಿ, ಎರಡೂ ಪಥ 19ರವು, ಉಪಗ್ರಹ ಉತ್ತರದಿಂದ ದಕ್ಷಿಣಕ್ಕೆ ಬರುವಾಗಿನವು. ಪಥ ಬೇರೆಯಾದರೆ ಜೋಡಿ ಕೂಡುವುದಿಲ್ಲ. ಒಂದೊಂದು ಚಿತ್ರವೂ ಗಿಗಾಬೈಟ್‌ಗಟ್ಟಲೆ ಇರುತ್ತದೆ, ನಮ್ಮ ಮಲೆನಾಡಿನ ನೆಟ್‌ನಲ್ಲಿ ಅದನ್ನು ಇಳಿಸಲು ಹೋಗಬೇಡಿ. ಅಲ್ಲೇ ಇರುವ ‘ಬೇಡಿಕೆಗೆ ತಕ್ಕ ಸಂಸ್ಕರಣೆ’ಯ ಸೇವೆಗೆ ಜೋಡಿ ಒಪ್ಪಿಸಿದರೆ ಅವರ ಗಣಕವೇ ಲೆಕ್ಕ ಮಾಡಿ ಸಿದ್ಧ ನಕ್ಷೆ ಕೊಡುತ್ತದೆ. ಅದನ್ನು ನಕ್ಷೆ ತೆರೆಯುವ ಉಚಿತ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ತೆರೆಯಿರಿ.

ಒಂದು ಪೂರ್ಣ ಬಣ್ಣಚಕ್ರವೆಂದರೆ ಉಪಗ್ರಹದ ಕಡೆಗೆ ಅಥವಾ ಅದರಿಂದಾಚೆಗೆ 2.8 ಸೆಂಟಿಮೀಟರ್. ನೆಲ ಅಲುಗದ ಅಂಚಿನಿಂದ ಶುರುಮಾಡಿ ಉಬ್ಬಿನ ನಡುವಿನವರೆಗೆ ಪಟ್ಟಿ ಎಣಿಸಿ 2.8ರಿಂದ ಗುಣಿಸಿ. ಮೂವತ್ತೈದು ಪಟ್ಟಿ ಸಿಕ್ಕಿದರೆ ಹತ್ತಿರಹತ್ತಿರ ಒಂದು ಮೀಟರ್. ಮಕ್ಕಳಿಂದ ಕಾಗದದ ಮೇಲೆ ಪೆನ್ಸಿಲ್ ಹಿಡಿದು ಎಣಿಸುವ ಕೆಲಸ ಮಾಡಿಸಿ, ಪರದೆಯ ಮೇಲೆ ಲೆಕ್ಕ ತಪ್ಪುತ್ತದೆ.

ಈ ವಿಧಾನಕ್ಕೆ ಒಂದು ಕುರುಡು ದಿಕ್ಕಿದೆ. ಉಪಗ್ರಹ ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಹಾರುತ್ತ ಪಕ್ಕಕ್ಕೆ ನೋಡುತ್ತದೆ. ಹಾಗಾಗಿ ಉತ್ತರ-ದಕ್ಷಿಣದ ಚಲನೆ ಅದಕ್ಕೆ ಬಹುತೇಕ ಕಾಣುವುದಿಲ್ಲ. ಕೆಕೆಎನ್4 ದಕ್ಷಿಣಕ್ಕೆ ಸರಿದ 1.8 ಮೀಟರ್ ಈ ನಕ್ಷೆಯಲ್ಲಿ ಹೆಚ್ಚಿನಂಶ ಮಾಯ, ಮೇಲೆದ್ದದ್ದು ಮಾತ್ರ ಎದ್ದು ಕಾಣುತ್ತದೆ. ರೇಡಾರ್ ಬಂದ ಮೇಲೆ ಜಿಪಿಎಸ್ ಯಾಕೆ ಎನ್ನುವವರಿಗೆ ಇದೇ ಉತ್ತರ.

ಇದೇ ವಿಧಾನವನ್ನು ನಮ್ಮ ಜಿಲ್ಲೆಗೆ ತಂದರೆ ಕಾಡು ಅಡ್ಡ ಬರುತ್ತದೆ. ಸೆಂಟಿನೆಲ್-1ರ ಐದೂವರೆ ಸೆಂಟಿಮೀಟರಿನ ಅಲೆ ಎಲೆಗಳ ಮೇಲೆಯೇ ಚದುರುತ್ತದೆ. ಹನ್ನೆರಡು ದಿನದಲ್ಲಿ ಎಲೆ ಅಲುಗಿ, ಚಿಗುರಿ, ಮಳೆಯಲ್ಲಿ ತೊಯ್ದರೆ ಎರಡು ಚಿತ್ರ ಹೊಂದುವುದೇ ಇಲ್ಲ. ಶಿರಸಿ–ಸಿದ್ದಾಪುರದ ಕಾಡಿನ ಮೇಲೆ ಜುಲೈ ಜೋಡಿ ಒಪ್ಪಿಸಿದರೆ ಸಿಗುವುದು ಬರೀ ಕಾಳು ಚೆಲ್ಲಿದಂಥ ಬಣ್ಣ. ಡಿಸೆಂಬರಿನಿಂದ ಮಾರ್ಚಿನ ಜೋಡಿ ಆರಿಸಿ, ಪೇಟೆ, ಹೆದ್ದಾರಿ, ಬೋಳು ಬಂಡೆ ಇರುವ ಕಡೆಗಳನ್ನಷ್ಟೇ ನಂಬಿ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹದ 24 ಸೆಂಟಿಮೀಟರಿನ ಅಲೆ ಎಲೆಗಳ ನಡುವೆ ಇನ್ನಷ್ಟು ಒಳಹೋಗುತ್ತದೆ. ಘಟ್ಟದ ನೆಲ ಅಳೆಯುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇಲ್ಲ. 2021ರಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ರಂದು ಅಂಕೋಲೆಯ ಶಿರೂರು, ಹೀಗೆ ಗುಡ್ಡ ಕುಸಿದ ಜಾಗಗಳಲ್ಲಿ ನಿಧಾನದ ಸರಿತ ಇದೆಯೇ ಎಂದು ಹುಡುಕಲೂ ಇದೇ ಲೆಕ್ಕ ಬರುತ್ತದೆ. ಆದರೆ ಒಂದೇ ಜೋಡಿ ನೋಡಿ ‘ಈ ಗುಡ್ಡ ಬೀಳುತ್ತದೆ’ ಎಂದು ಊರಿಗೆ ಸಾರಬೇಡಿ. ಗಾಳಿಯ ತೇವಾಂಶವೊಂದೇ ಕೆಲವು ಸೆಂಟಿಮೀಟರಿನ ಸುಳ್ಳು ತೋರಿಸಬಲ್ಲದು.

ಹೆಜ್ಜೆ 7: ಕರಾವಳಿಯಲ್ಲಿ ಎತ್ತರದ ಗುರುತು ಮಾಡಿಡಿ

2004ರಲ್ಲಿ ನಿಕೋಬಾರಿನ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿದು ದೀಪಸ್ತಂಭದ ಬುಡ ಸಮುದ್ರಕ್ಕೆ ಸೇರಿತು. ಪೋರ್ಟ್‌ಬ್ಲೇರ್ ಸುಮಾರು ಒಂದು ಮೀಟರ್ ಇಳಿಯಿತು, ಅಲ್ಲಿನ ಸಿಪ್ಪಿಘಾಟ್‌ನ ಕೃಷಿಭೂಮಿಗೆ ಉಪ್ಪುನೀರು ನುಗ್ಗಿ ನಿಂತಿತು. ಅಘನಾಶಿನಿಯ ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆದವರಿಗೆ ಒಂದು ಮೀಟರ್ ಅಂದರೆ ಏನೆಂದು ಚೆನ್ನಾಗಿ ಗೊತ್ತು. ಇದೇ ಕಂಪದಲ್ಲಿ ಉತ್ತರ ಅಂಡಮಾನಿನ ಹವಳದ ದಿಬ್ಬಗಳು ಮೇಲೆದ್ದು ಒಣಗಿದವು. ಹವಳ ಎಲ್ಲಿಯವರೆಗೆ ಬದುಕಿತ್ತು ಎಂಬ ಗೆರೆ ನೋಡಿಯೇ ನೆಲ ಎಷ್ಟು ಎದ್ದಿತೆಂದು ಅಳೆದರು.

ಇಂಥ ಅಳತೆಗೆ ಹಿಂದಿನ ಸ್ಥಿತಿ ಗೊತ್ತಿರಬೇಕು, ಅದನ್ನು ಯಾವ ಕರಾವಳಿಯ ಶಾಲೆಯೂ ಮಾಡಿಡಬಹುದು. ಮರಳಿನ ದಂಡೆ ಬೇಡ, ಗಟ್ಟಿ ಬಂಡೆ ಆರಿಸಿ. ಬಂಡೆಗೆ ಅಂಟಿದ ಚಿಪ್ಪುಜೀವಿಗಳ ಸಾಲು ಎಲ್ಲಿ ಮುಗಿಯುತ್ತದೆ ನೋಡಿ. ಹತ್ತಿರದ ಸೇತುವೆ ಅಥವಾ ಹಳೆಯ ಸರ್ಕಾರಿ ಕಟ್ಟಡದಲ್ಲಿ ಸರ್ವೆ ಇಲಾಖೆಯ ಮಟ್ಟಗಲ್ಲು ಇದ್ದರೆ ಅಲ್ಲಿಂದ, ಇಲ್ಲದಿದ್ದರೆ ಬಂಡೆಯ ಮೇಲೆಯೇ ನೀವು ಕೊರೆದ ಗುರುತಿನಿಂದ ಆ ಗೆರೆ ಎಷ್ಟು ಕೆಳಗಿದೆ ಎಂದು ಅಳೆಯಿರಿ. ಮೇಸ್ತ್ರಿಗಳು ಮನೆ ಕಟ್ಟುವಾಗ ಬಳಸುವ ಪಾರದರ್ಶಕ ನೀರಿನ ಪೈಪು ಸಾಕು, ಗುಳ್ಳೆ ಉಳಿಯದಂತೆ ನೀರು ತುಂಬಿದರೆ ಅರ್ಧ ಸೆಂಟಿಮೀಟರ್ ನಿಖರತೆ ಸಿಗುತ್ತದೆ. ಮೂರು ಬೇರೆ ಬೇರೆ ಬಂಡೆಗಳಲ್ಲಿ ಮಾಡಿ. ಅಳತೆಪಟ್ಟಿ ಕಾಣುವಂತೆ ಫೋಟೋ ತೆಗೆದು, ತಾರೀಕು, ಗಂಟೆ, ಆ ಹೊತ್ತಿನ ಉಬ್ಬರ-ಇಳಿತ ಬರೆಯಿರಿ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಇಳಿತಕ್ಕೆ ಹೋದರೆ ಸಾಲಿನ ಕೆಳ ಅಂಚೂ ಕಾಣುತ್ತದೆ. ಮಳೆಗಾಲದಲ್ಲಿ ಕಡಲಿಗೆ ಇಳಿಯಬೇಡಿ.

ದಾಖಲೆಯ ಒಂದು ಪ್ರತಿ ಶಾಲೆಯ ಕಪಾಟಿನಲ್ಲಿ, ಒಂದು ಪಂಚಾಯತಿಯಲ್ಲಿ ಇರಲಿ. ಮುಂದಿನ ವರ್ಷ ಅದೇ ಬಂಡೆ, ಅದೇ ಗುರುತು, ಬೇರೆ ಮಕ್ಕಳಿಂದ ಅಳೆಸಿ. ಎರಡು ಅಳತೆಯ ನಡುವಿನ ವ್ಯತ್ಯಾಸವೇ ನಿಮ್ಮ ವಿಧಾನದ ನಿಖರತೆ, ಅದನ್ನೂ ಅದೇ ಪುಟದಲ್ಲಿ ಬರೆಯಿರಿ.